ಐದನೆಯ ಆಟದ ಮೂವತ್ತೊಂದನೆಯ ನಡೆ

ಪೆಟ್ಟಿಗೆಗೆ ಐದನೆಯ ಸ್ಥಾನವಂತೆ ಎಂದು ಫೋನಿನಲ್ಲಿ ಕೇಳಿದ್ದೇ ತಡ, ಕೈಯಕ್ಕ ಅರ್ಧ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. ಐದು ಯಂತ್ರಗಳ ಪಟ್ಟಿಯಲ್ಲಿ ಐದನೆಯದು ಎಂದರೆ ಕಟ್ಟಕಡೆಯದು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೈ ತೊಳೆದು, ಚಪ್ಪಲಿ ಮೆಟ್ಟಿ, ಬೀರುವಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟಳು. ಅರವತ್ತೊಂದರ ಹೆಂಗಸು ಮಟಮಟ ಮಧ್ಯಾಹ್ನ ಹೀಗೆ ದಾಪುಗಾಲು ಹಾಕುವುದನ್ನು ಕಂಡ ಬೀದಿಯವರು, ಯಾರಿಗೋ ಏನೋ ಆಗಿರಬೇಕು ಎಂದುಕೊಂಡರು. ಆಗಿದ್ದು ನಿಜವೇ. ಪೆಟ್ಟಿಗೆಗೆ ಅವಮಾನವಾಗಿತ್ತು.

ಪೆಟ್ಟಿಗೆ ಎಂದರೆ ಅವಳ ಅಣ್ಣ ಮಾಡಿದ ಚೆಸ್ ಯಂತ್ರ. ಅಣ್ಣನ ಕಸುಬು ತಕ್ಕಡಿ ರಿಪೇರಿ. ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಬಿಚ್ಚಿ ಕೂರಿಸುತ್ತಿದ್ದವನಿಗೆ ಅದು ಯಾವ ಗಳಿಗೆಯಲ್ಲಿ ಚೆಸ್ಸಿನ ಹುಚ್ಚು ಹತ್ತಿತೋ, ಏಳು ವರ್ಷ ಪಟ್ಟು ಹಿಡಿದು ಕೂತು, ಕಚೇರಿಗಳು ಬಿಸಾಡಿದ ಕಂಪ್ಯೂಟರುಗಳ ಹೊಟ್ಟೆ ಬಗೆದು ಈ ಯಂತ್ರ ಕಟ್ಟಿದ್ದ. ಅದರ ಮುಖಕ್ಕೆ ತಕ್ಕಡಿಯ ಕೆಂಪು ಅಂಕಿಗಳು, ಪಕ್ಕಕ್ಕೆ ತಕ್ಕಡಿಯದೇ ಚೀಟಿ ಪ್ರಿಂಟರು. ನೋಡಿದವರು ತೂಕ ಮಾಡಲು ಏನಾದರೂ ತಂದು ಮೇಲಿಟ್ಟಾರು, ಹಾಗಿತ್ತು ಅದರ ಅವತಾರ. ಇಪ್ಪತ್ತಾರು ವರ್ಷಗಳ ಹಿಂದೆ ಆ ಪೆಟ್ಟಿಗೆ ಅಂದಿನ ಚಾಂಪಿಯನ್ನನ ಎದುರು ಆರು ಆಟಗಳ ಪಂದ್ಯ ಆಡಿತು. ಮೂರು ಸೋತು, ಎರಡು ಸಮ ಮಾಡಿಕೊಂಡು, ಕೊನೆಯದನ್ನು ಗೆದ್ದಿತು. ಪೆಟ್ಟಿಗೆಗೆ ಕೈಯಿಲ್ಲವಲ್ಲ, ಅದರ ಪರವಾಗಿ ಚಾಂಪಿಯನ್ನನ ಎದುರು ಕೂತು ಕಾಯಿ ನಡೆಸಿದವಳು ತಂಗಿ. ಅಂದಿನಿಂದ ಅವಳು ಚೆಸ್ ಕ್ಲಬ್ಬಿನವರಿಗೆಲ್ಲ ಕೈಯಕ್ಕ.

ಆ ಕೈಯ ಬಗ್ಗೆ ಅವಳಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆ ಈ ಕಥೆ ಕೊಡುತ್ತಿದ್ದಳು. "ಇನ್ನೂರ ಹದಿನಾಲ್ಕು ನಡೆ ಕಣ್ರೀ. ಎದುರಿಗೆ ಚಾಂಪಿಯನ್, ಸುತ್ತಲೂ ಜನ, ಫೋಟೋದೋರು. ಒಂದು ಸಲ ಕೈ ನಡುಗಿಲ್ಲ, ಒಂದು ಕಾಯಿ ತಪ್ಪಿಲ್ಲ!" ಎಂದು ಬಲಗೈಯನ್ನು ಮುಂದೆ ಚಾಚಿ ತೋರಿಸುವಳು. ಬಂದವರು ಅದನ್ನು ಮೊದಲ ಸಲ ನೋಡುವವರಂತೆ ನೋಡಬೇಕು, ಇಲ್ಲದಿದ್ದರೆ ಅವಳು ಮುನಿಸಿಕೊಳ್ಳುವಳು. ಐದನೆಯ ಆಟದ ಹತ್ತಿರ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. ಸಮವಾಗಿ ಮುಗಿಯಬೇಕಿದ್ದ ಆ ಆಟವನ್ನು ಪೆಟ್ಟಿಗೆ ಮೂವತ್ತೊಂದನೆಯ ನಡೆಯಲ್ಲಿ ತಲೆಬುಡವಿಲ್ಲದೆ ಆಡಿ ಕೈಚೆಲ್ಲಿತ್ತು. ಮರುದಿನದ ಪತ್ರಿಕೆಗಳು ಹಲ್ಲು ಕಿಸಿದಿದ್ದವು. "ಅವತ್ತೊಂದು ದಿನ ಅದಕ್ಕೆ ತಲೆ ಕೆಟ್ಟಿತು. ಏನ್ಮಾಡೋದು, ಯಂತ್ರ ಅಲ್ವಾ, ಪಾಪ" ಎಂದು ಕೈಯಕ್ಕ ದೊಡ್ಡ ಮನಸ್ಸು ಮಾಡಿ ಅದನ್ನು ಕ್ಷಮಿಸಿಬಿಡುತ್ತಿದ್ದಳು.

ಕ್ಲಬ್ಬು ಇದ್ದದ್ದು ಕನ್ನಡಕದ ಅಂಗಡಿಯ ಮಹಡಿಯಲ್ಲಿ. ಕೈಯಕ್ಕ ಮೆಟ್ಟಿಲು ಹತ್ತಿ ಬಂದಾಗ ಲೆಕ್ಕದ ಮೇಷ್ಟ್ರು ಒಬ್ಬರೇ ಕಿಟಕಿ ಪಕ್ಕದ ಮೇಜಿನಲ್ಲಿ ಕಾಗದ ಹರಡಿಕೊಂಡು ಕೂತಿದ್ದರು. ಶಾಲೆಯಲ್ಲಿ ಗಣಿತ ಕಲಿಸುವ ಈ ಮನುಷ್ಯ ಆರು ತಿಂಗಳಿಂದ ಒಂದು ಪುಸ್ತಕದ ಹಿಂದೆ ಬಿದ್ದಿದ್ದರು. ಮನುಷ್ಯ ಚಾಂಪಿಯನ್ನರ ಎದುರು ಪಂದ್ಯ ಆಡಿದ ಐದು ಹಳೆಯ ಯಂತ್ರಗಳಲ್ಲಿ ಯಾವುದು ಎಷ್ಟು ಚೆನ್ನಾಗಿ ಆಡಿತು ಎಂದು ತೂಗಿ ನೋಡುವ ಪುಸ್ತಕ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು.

"ಏನ್ ಮೇಷ್ಟ್ರೆ, ಯಾವ ಕಣ್ಣಲ್ಲಿ ನೋಡಿ ನಮ್ಮದನ್ನ ಕೊನೇಗೆ ತಳ್ಳಿದ್ರಿ?" ಕೈಯಕ್ಕ ಇನ್ನೂ ಏದುಸಿರು ಬಿಡುತ್ತಿದ್ದಳು.

"ಕೂತ್ಕೊಳ್ಳಿ ಅಕ್ಕಾ. ಮೊದಲು ಉಸಿರಾಡಿ."

"ಉಸಿರು ಆಮೇಲೆ. ಆರನೇ ಆಟ ಗೆದ್ದಿದ್ದು ಕಾಣಲಿಲ್ವಾ ನಿಮಗೆ?"

"ಬರೀ ಸೋಲು ಗೆಲುವು ನೋಡಿದ್ರೆ ನ್ಯಾಯ ಆಗಲ್ಲ" ಎಂದು ಮೇಷ್ಟ್ರು ತಾಳ್ಮೆಯಿಂದ ಶುರುಮಾಡಿದರು. "ಒಂದು ಯಂತ್ರಕ್ಕೆ ಗಟ್ಟಿ ಚಾಂಪಿಯನ್ ಎದುರಾಗಿದ್ದ, ಇನ್ನೊಂದಕ್ಕೆ ಜ್ವರ ಬಂದು ಕೂತಿದ್ದೋನು ಸಿಕ್ಕಿದ್ದ. ಅದಕ್ಕೇ ನಾನು ಪ್ರತಿಯೊಂದು ನಡೇನೂ ಇವತ್ತಿನ ಕಂಪ್ಯೂಟರ್ ಮುಂದೆ ಇಟ್ಟೆ. ಒಳ್ಳೇ ನಡೆ ಬಿಟ್ಟು ಬೇರೆ ಆಡಿದಾಗ ಎಷ್ಟು ಕಳ್ಕೊಂಡ್ರು ಅಂತ ಅದು ಹೇಳುತ್ತೆ. ಒಂದು ಕಾಲಾಳು ಕಳ್ಕೊಂಡ್ರೆ ನೂರು ಅಂಕ ಅಂತ ಇಟ್ಕೊಳ್ಳಿ. ಕಳ್ಕೊಂಡಿದ್ದನ್ನೆಲ್ಲ ಕೂಡಿಸಿ, ಎಷ್ಟು ನಡೆಯೋ ಅಷ್ಟರಿಂದ ಭಾಗಿಸಿದ್ರೆ ಸರಾಸರಿ ಬಂತು. ಕಮ್ಮಿ ಇದ್ದದ್ದು ಮೇಲೆ, ಜಾಸ್ತಿ ಇದ್ದದ್ದು ಕೆಳಗೆ."

ಪಟ್ಟಿಯನ್ನು ಅವಳ ಕಡೆಗೆ ತಿರುಗಿಸಿದರು. ಮೊದಲನೆಯ ಯಂತ್ರ, ಬೀರುವಿನಷ್ಟು ದೊಡ್ಡದು, ಹದಿನಾಲ್ಕು ಅಂಕದಲ್ಲಿ ಎಲ್ಲಕ್ಕಿಂತ ಮೇಲೆ ಒಂಟಿಯಾಗಿ ಕೂತಿತ್ತು. ಉಳಿದ ನಾಲ್ಕು ಒಂದಕ್ಕೊಂದು ಅಂಟಿಕೊಂಡಂತಿದ್ದವು. ಎರಡನೆಯದಕ್ಕೆ ಹದಿನೆಂಟು ಪಾಯಿಂಟ್ ಎರಡು. ಪೆಟ್ಟಿಗೆಗೆ ಹತ್ತೊಂಬತ್ತು ಪಾಯಿಂಟ್ ಎಂಟು.

"ನಿಜ ಹೇಳ್ಬೇಕು ಅಂದ್ರೆ ನನಗೂ ಹೊಟ್ಟೆ ಉರೀತು" ಎಂದರು ಮೇಷ್ಟ್ರು. "ಇಡೀ ಪಂದ್ಯ ಎಷ್ಟು ಹದವಾಗಿ ಆಡಿದೆ ಗೊತ್ತಾ ನಿಮ್ಮ ಪೆಟ್ಟಿಗೆ? ಆ ಐದನೇ ಆಟದ ಮೂವತ್ತೊಂದನೇ ನಡೆ ಒಂದೇ ನಾನೂರು ಅಂಕ ನುಂಗಿದೆ. ಅದೊಂದು ಇಲ್ದಿದ್ರೆ ಎರಡನೇ ಸ್ಥಾನ. ತಕ್ಕಡಿ ರಿಪೇರಿ ಮಾಡೋರು ಕಟ್ಟಿದ್ದು, ಎರಡನೇ ಸ್ಥಾನ! ನಾನೇ ನಾಲ್ಕು ಸಲ ಲೆಕ್ಕ ಮಾಡಿ ನೋಡಿದೆ, ಎಲ್ಲಾದ್ರೂ ತಪ್ಪು ಸಿಗುತ್ತೇನೋ ಅಂತ."

ಕೈಯಕ್ಕನ ಕಿವಿ ನೆಟ್ಟಗಾಯಿತು. "ಹಾಗಾದ್ರೆ ನೀವು ನಡೆ ಬರ್ಕೊಳ್ಳೋದ್ರಲ್ಲೇ ತಪ್ಪಿದೀರಿ."

"ಇಲ್ಲ ಅಕ್ಕಾ. ಕ್ಲಬ್ಬಿನ ಫೈಲಲ್ಲಿ ನೀವು ಅವತ್ತು ಬರೆದ ಹಾಳೇನೇ ಇದೆ. ಅದನ್ನೇ ನೋಡಿ ಬರ್ಕೊಂಡೆ."

"ನಾನು ಬರೆದದ್ದು ಸರಿಯಾಗೇ ಇರುತ್ತೆ. ಓದೋರು ಸರಿಯಾಗಿ ಓದಬೇಕಷ್ಟೆ" ಎಂದು ಅವಳು ಚೀಲದಿಂದ ಡಬ್ಬಿ ತೆಗೆದಳು. "ಇದರಲ್ಲಿ ಪೆಟ್ಟಿಗೆಯ ಚೀಟಿ ಸುರುಳಿ ಇದೆ. ಆರು ಆಟದ್ದೂ. ಬನ್ನಿ, ಹಾಲು ಯಾವುದು ನೀರು ಯಾವುದು ನೋಡೇಬಿಡೋಣ."

ಸುರುಳಿಯಲ್ಲಿ ಅಂಕಿಗಳ ಎರಡು ಕಂಬಸಾಲುಗಳಿದ್ದವು. ಅದಕ್ಕೆ ಕಾರಣ ಚಾಂಪಿಯನ್ನನ ಹಟ. ಪಂದ್ಯಕ್ಕೆ ಮುಂಚೆ ಅವನೊಂದು ಷರತ್ತು ಹಾಕಿದ್ದ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮ ತನಗೆ ಹೇಗೋ ಹಾಗೆಯೇ ಪೆಟ್ಟಿಗೆಯ ಕೈಗೂ ಅನ್ವಯಿಸಬೇಕು. ಕೈ ತಪ್ಪಿದರೆ ತಪ್ಪಿದ್ದೇ, ಹಿಂದಕ್ಕೆ ತೆಗೆದುಕೊಳ್ಳುವ ಮಾತಿಲ್ಲ. ಅಣ್ಣ ಒಪ್ಪಿದ್ದ. ಹಾಗಾಗಿ ಕೈಯಕ್ಕ ಮಣೆಯ ಮೇಲೆ ಕಾಯಿ ನಡೆಸಿದ ಮೇಲೆ, ನಿಜವಾಗಿ ಏನು ಆಡಿದೆ ಎಂಬುದನ್ನು ಗುಂಡಿ ಒತ್ತಿ ಪೆಟ್ಟಿಗೆಗೆ ತಿಳಿಸಬೇಕಿತ್ತು. ಪೆಟ್ಟಿಗೆ ಹೇಳಿದ ನಡೆ ಚೀಟಿಯ ಎಡಕ್ಕೆ, ಅವಳು ಒತ್ತಿದ ನಡೆ ಬಲಕ್ಕೆ ಅಚ್ಚಾಗುತ್ತಿತ್ತು. ಅಣ್ಣ ಪಂದ್ಯ ಮುಗಿದ ಮೇಲೆ ಸುರುಳಿಯನ್ನು ಡಬ್ಬಿಗೆ ಹಾಕಿ ತಂಗಿಯ ಕೈಗೇ ಕೊಟ್ಟಿದ್ದ. ಅವಳು ಅದನ್ನು ಚಿನ್ನದಂತೆ ಜೋಪಾನ ಮಾಡಿದ್ದಳೇ ಹೊರತು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ತಪ್ಪೇ ಇಲ್ಲದ್ದರಲ್ಲಿ ನೋಡುವುದೇನು?

ಇಪ್ಪತ್ತಾರು ವರ್ಷಕ್ಕೆ ಶಾಯಿ ಮಾಸಿ ತಿಳಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೇಷ್ಟ್ರು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ ಸೋತು, "ಇರಿ, ಕೆಳಗಿನ ಅಂಗಡಿಯಿಂದ ಭೂತಗನ್ನಡಿ ಇಸ್ಕೊಂಡು ಬರ್ತೀನಿ" ಎಂದು ಇಳಿದು ಹೋದರು.

ಕೈಯಕ್ಕನಿಗೆ ಭೂತಗನ್ನಡಿ ಬೇಕಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಬೆರಳು ಜಾರಿಸುತ್ತ ಹೋದಳು. ಎಡಕ್ಕೊಂದು ಬಲಕ್ಕೊಂದು, ಅವಳಿ ಜವಳಿಗಳಂತೆ ಅಂಕಿಗಳು. ಮೊದಲ ಆಟ ಸರಿ. ಎರಡು ಸರಿ, ಮೂರು, ನಾಲ್ಕು. ಪ್ರತಿ ಸಾಲಿಗೂ ಅವಳ ಎದೆ ಒಂದಿಷ್ಟು ಉಬ್ಬುತ್ತಿತ್ತು. ಐದನೆಯ ಆಟ, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಅಲ್ಲಿ ಬೆರಳು ನಿಂತಿತು.

ಎಡಕ್ಕೆ: 11 41. ಬಲಕ್ಕೆ: 61 41.

ಅಂಕಿಗಳ ಅರ್ಥ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಮೊದಲ ಎರಡು ಅಂಕಿ ಕಾಯಿ ಹೊರಡುವ ಮನೆ, ಆಮೇಲಿನ ಎರಡು ಸೇರುವ ಮನೆ. ಅವತ್ತು ಎರಡು ಆನೆಗಳೂ ಆ ಒಂದೇ ಮನೆಗೆ ಹೋಗಬಹುದಿತ್ತು. ಪೆಟ್ಟಿಗೆ ಹೇಳಿದ್ದು ಮೂಲೆಯ ಆನೆ. ಅವಳು ಎತ್ತಿದ್ದು ರಾಜನ ಪಕ್ಕ ಕಾವಲಿದ್ದ ಆನೆ. ಕಾವಲು ತಪ್ಪಿದ ದಾರಿಯಲ್ಲಿ ಚಾಂಪಿಯನ್ನನ ರಾಣಿ ನುಗ್ಗಿ ಬಂದಿತ್ತು.

ಅವತ್ತಿನ ಆ ಕ್ಷಣ ಈಗ ಕಣ್ಣಿಗೆ ಕಟ್ಟಿತು. ಪೆಟ್ಟಿಗೆಯ ಮುಖದಲ್ಲಿ ಒಮ್ಮೆಗೆ ಎರಡೇ ಅಂಕಿ ಹಿಡಿಸುತ್ತಿದ್ದವು. ಹೊರಡುವ ಮನೆ ಮಿನುಗಿ ಆರಿದ ಮೇಲೆ ಸೇರುವ ಮನೆ ಮಿನುಗುತ್ತಿತ್ತು, ಮತ್ತೆ ಮೊದಲಿನಿಂದ. ಎರಡನ್ನೂ ನೋಡಿ, ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಕಾಯಿ ಮುಟ್ಟಬೇಕೆಂದು ಅಣ್ಣ ಅವಳಿಗೆ ಹೇಳಿ ಹೇಳಿ ಕಲಿಸಿದ್ದ. ಆದರೆ ನಾಲ್ಕು ಆಟ ಕಳೆಯುವಷ್ಟರಲ್ಲಿ ಅವಳಿಗೆ ಪೆಟ್ಟಿಗೆಯ ಮನಸ್ಸೇ ಗೊತ್ತಾಗತೊಡಗಿತ್ತು. ಈಗ ಇದನ್ನು ಆಡುತ್ತದೆ ನೋಡು ಎಂದು ಒಳಗೇ ಅಂದುಕೊಳ್ಳುವಳು, ಅದು ಅದನ್ನೇ ಆಡುವುದು. ಅವತ್ತು ತಲೆಯೆತ್ತಿದಾಗ ಕಂಡದ್ದು 41 ಒಂದೇ. ಯಾವ ಆನೆ ಎಂದು ಅವಳಿಗೆ ಆಗಲೇ ಗೊತ್ತಿತ್ತಲ್ಲ! ಮೊದಲಿನ ಎರಡು ಅಂಕಿಗೆ ಕಾಯಲಿಲ್ಲ. ಆನೆ ಎತ್ತಿದಳು, ಗುಂಡಿ ಒತ್ತಿದಳು, ಆಡಿದ್ದನ್ನೇ ಹಾಳೆಯಲ್ಲಿ ದುಂಡಗೆ ಬರೆದಳು. ಪೆಟ್ಟಿಗೆ ತುಟಿಪಿಟಕ್ಕೆನ್ನದೆ ಅಲ್ಲಿಂದಲೇ ಮುಂದಕ್ಕೆ ಆಡಿತು.

ಅವಳು ಬಾಗಿಲ ಕಡೆ ನೋಡಿದಳು. ಮೆಟ್ಟಿಲಲ್ಲಿ ಇನ್ನೂ ಸದ್ದಿರಲಿಲ್ಲ. ಎರಡು ಬೆರಳಗಲದ ಚೀಟಿ. ಹರಿದು ಬಾಯಿಗೆ ಹಾಕಿಕೊಂಡರೂ ಆಯಿತು, ಹಳೆಯ ಕಾಗದ ತಾನಾಗೇ ಹರಿಯಿತು ಎಂದರೆ ಮೇಷ್ಟ್ರು ನಂಬುವ ಪ್ರಾಣಿ. ಪೆಟ್ಟಿಗೆ ಐದನೆಯದಾಗಿ ಉಳಿಯುತ್ತದೆ, ಅವಳ ಕೈ ಒಂದನೆಯದಾಗಿ ಉಳಿಯುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೀಗೆ ಯೋಚಿಸಿದ್ದು ಒಂದು ನಿಮಿಷವೋ ಅರ್ಧ ನಿಮಿಷವೋ, ಯೋಚಿಸಿದ್ದಂತೂ ಹೌದು.

ಅಷ್ಟರಲ್ಲಿ ತನ್ನದೇ ದನಿ ಅವಳ ಕಿವಿಯಲ್ಲಿ ಕೇಳಿಸಿತು. ಯಂತ್ರ ಅಲ್ವಾ, ಪಾಪ. ಎಷ್ಟು ಜನರ ಎದುರು ಅಂದಿದ್ದಳು! ಬೀಗರ ಎದುರು, ನೆರೆಯವರ ಎದುರು, ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆದುಕೊಂಡೇ. ತಪ್ಪು ಮಾಡಿದವಳು ತಾನು, ಕ್ಷಮಿಸುವ ದೊಡ್ಡಸ್ತಿಕೆಯೂ ತನ್ನದು. ಅವಳಿಗೆ ನಾಚಿಕೆಯಾಯಿತು. ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ.

ಮೇಷ್ಟ್ರು ಭೂತಗನ್ನಡಿ ಹಿಡಿದು ಬಂದಾಗ ಅವಳು ಬೆರಳನ್ನು ಆ ಸಾಲಿನ ಮೇಲೇ ಊರಿಕೊಂಡು ಕೂತಿದ್ದಳು.

"ಅದೇನೂ ಬೇಡ ಮೇಷ್ಟ್ರೆ, ತಪ್ಪು ಸಿಕ್ತು" ಎಂದಳು. "ನಿಮ್ಮದಲ್ಲ. ಪೆಟ್ಟಿಗೆದೂ ಅಲ್ಲ. ನಂದು."

ಮೇಷ್ಟ್ರು ಸಾಲು ನೋಡಿದರು, ಅವಳ ಮುಖ ನೋಡಿದರು, ಮತ್ತೆ ಸಾಲು ನೋಡಿದರು. ಭೂತಗನ್ನಡಿ ಹಿಡಿದು ಸುರುಳಿಯ ಕೊನೆಯವರೆಗೂ ನೋಡಿದರು, ಉಳಿದ ಸಾಲುಗಳೆಲ್ಲ ಸರಿಯಾಗೇ ಇದ್ದವು. ಮೂಲೆಯ ಆನೆಯನ್ನು ಕಂಪ್ಯೂಟರಿನಲ್ಲಿ ನಡೆಸಿ ಕಾದರು. ಪರದೆಯ ಮೇಲೆ ಸೊನ್ನೆ ಬಂತು. ಅದಕ್ಕಿಂತ ಒಳ್ಳೆಯ ನಡೆಯೇ ಅಲ್ಲಿರಲಿಲ್ಲ. ಪೆನ್ನು ಹಿಡಿದು ಕೂಡಿದರು, ಕಳೆದರು, ಭಾಗಿಸಿದರು. "ಹದಿನೇಳು ಪಾಯಿಂಟ್ ಒಂಬತ್ತು" ಎಂದು ಎದ್ದೇ ನಿಂತರು. "ಅಕ್ಕಾ, ಎರಡನೇ ಸ್ಥಾನ!"

"ಮೊದಲನೇದು ಆಗಲ್ವಾ?"

"ಅದು ಬೇರೆ ಲೆವೆಲ್ಲು, ಬಿಡಿ. ಬೀರು ಅದು."

"ಸರಿ" ಎಂದಳು ಕೈಯಕ್ಕ, ಒಲ್ಲದ ಮನಸ್ಸಿನಿಂದ. "ಅಣ್ಣನ ಹತ್ರ ಹೋಗೋಣ. ನಾನೇ ಹೇಳಬೇಕು ಅವನಿಗೆ. ನೀವು ಜೊತೆಗಿರಿ, ಸಾಕು."

ಅಣ್ಣನ ಅಂಗಡಿ ಎರಡು ಬೀದಿ ಆಚೆ. ಪೆಟ್ಟಿಗೆ ತಪ್ಪಿದ್ದೇಕೆಂದು ಅಣ್ಣ ಎಷ್ಟು ತಲೆ ಕೆಡಿಸಿಕೊಂಡಿರಬಹುದು, ಎಷ್ಟು ಸಲ ಅದರ ಹೊಟ್ಟೆ ಬಿಚ್ಚಿ ಹುಡುಕಿರಬಹುದು ಎಂದು ನೆನೆಯುತ್ತ ಅವಳು ಬಿರಬಿರನೆ ನಡೆದಳು. ಎಪ್ಪತ್ತು ದಾಟಿದ ಅಣ್ಣ ಎಂದಿನಂತೆ ಸ್ಟೂಲಿನ ಮೇಲೆ ಕೂತು, ಬಿಚ್ಚಿದ ತಕ್ಕಡಿಯ ಮೇಲೆ ಹಿತ್ತಾಳೆಯ ಬಟ್ಟು ಒಂದೊಂದಾಗಿ ಇಟ್ಟು ಅಂಕಿ ಸರಿ ಬರುತ್ತದೋ ಎಂದು ನೋಡುತ್ತಿದ್ದ. ಇಬ್ಬರನ್ನೂ ಒಟ್ಟಿಗೆ ಕಂಡು ಹುಬ್ಬೇರಿಸಿದ.

ಕೈಯಕ್ಕ ಪೀಠಿಕೆ ಹಾಕಲಿಲ್ಲ. "ಅಣ್ಣ, ಐದನೇ ಆಟ ಸೋಲಿಸಿದ್ದು ನಾನು. ಪೆಟ್ಟಿಗೆ ಸರಿಯಾಗೇ ಹೇಳಿತ್ತು. ನಾನು ಬೇರೆ ಆನೆ ಎತ್ತಿದೆ."

ಅಣ್ಣ ಕೈಯಲ್ಲಿದ್ದ ಬಟ್ಟನ್ನು ತಕ್ಕಡಿಯ ಮೇಲಿಟ್ಟು ಅಂಕಿ ನಿಲ್ಲುವವರೆಗೂ ಕಾದ. ಆಮೇಲೆ ಹೇಳಿದ: "ಗೊತ್ತು."

"ಗೊತ್ತು ಅಂದ್ರೆ?"

"ಅವತ್ತು ಸಾಯಂಕಾಲಾನೇ ಚೀಟಿ ನೋಡಿದೆ."

ಕೈಯಕ್ಕನಿಗೆ ಮೊದಲು ಬಂದದ್ದು ಕಣ್ಣೀರಲ್ಲ, ಕೋಪ. "ಇಪ್ಪತ್ತಾರು ವರ್ಷ! ಊರೆಲ್ಲ ನಿನ್ನ ಪೆಟ್ಟಿಗೆ ನೋಡಿ ನಗ್ತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲೋ! ನಾನೂ ನಕ್ಕೆ ಅವರ ಜೊತೆ!"

"ಮರುದಿನ ಆರನೇ ಆಟ ಇತ್ತು" ಎಂದ ಅಣ್ಣ. "ಹೇಳಿದ್ದಿದ್ರೆ ನಿನ್ನ ಕೈ ನಡುಗ್ತಿತ್ತು. ನಡುಗೋ ಕೈ ಇಟ್ಕೊಂಡು ಚಾಂಪಿಯನ್ ಎದುರು ಕೂರೋಕಾಗುತ್ತಾ? ಗೆದ್ದ ಮೇಲೆ ಹೇಳೋಣ ಅಂದ್ಕೊಂಡೆ. ಗೆದ್ದ ಮೇಲೆ ನೀನು ನೆಲದ ಮೇಲೆ ನಿಲ್ತಾನೇ ಇರ್ಲಿಲ್ಲ. ಸರಿ, ಅವಳೇ ನೋಡ್ಕೊಳ್ಳಲಿ ಅಂತ ಚೀಟಿ ಸುರುಳಿ ನಿನ್ನ ಕೈಗೇ ಕೊಟ್ಟೆ. ನೀನು ಅದನ್ನ ಬೀರು ಮೇಲಿಟ್ಟು ಕೈ ಮುಗಿದ್ಯೇ ಹೊರತು ಬಿಚ್ಚಲಿಲ್ಲ. ನಾನೇನು ಮಾಡ್ಲಿ?"

"ಪೆಟ್ಟಿಗೆಗೆ ಬೈತಿದ್ರಲ್ಲ ಎಲ್ಲರೂ. ನಿನಗೇನೂ ಅನ್ನಿಸಲಿಲ್ವಾ?"

"ಅನ್ನಿಸ್ತು" ಎಂದ ಅಣ್ಣ. ಮುಂದಿನ ಬಟ್ಟು ಎತ್ತಿಕೊಂಡ. ಆಗ ಕೈಯಕ್ಕನಿಗೆ ನಿಜವಾಗಿ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು, ಮೇಷ್ಟ್ರು ಗೋಡೆಯ ಮೇಲಿನ ಬಟ್ಟುಗಳ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದುತ್ತ ನಿಂತರು.

ಎರಡನೆಯ ಸ್ಥಾನದ ಸುದ್ದಿ ಹೇಳಿದ್ದು ಮೇಷ್ಟ್ರೇ. ಕಾಗದಗಳನ್ನು ಕೆಲಸದ ಮೇಜಿನ ಮೇಲೆ ಹರಡಿ ಒಂದೊಂದೇ ಅಂಕಿ ತೋರಿಸಿದರು. ಅಣ್ಣ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಸಾಲನ್ನು ಎಷ್ಟೋ ಹೊತ್ತು ನೋಡಿದ. ಅವನ ಬೆನ್ನು ನೆಟ್ಟಗಾದದ್ದನ್ನು ತಂಗಿ ಗಮನಿಸಿದಳು. ಅವಳಿಗೂ ಎದೆ ತುಂಬಿ ಬಂತು. ಕೋಟಿ ಕೋಟಿ ಲೆಕ್ಕ ಹಾಕುವ ಇವತ್ತಿನ ಯಂತ್ರವೇ ಅಂದಿನ ಪೆಟ್ಟಿಗೆಗೆ ಭೇಷ್ ಅಂದಿತ್ತು.

"ಇನ್ನೊಂದು ಉಳಿದಿದೆ" ಎಂದರು ಮೇಷ್ಟ್ರು. "ನಡೆ ಬದಲಾಯಿಸಿದ್ದಕ್ಕೆ ಅಡಿಟಿಪ್ಪಣಿ ಹಾಕಬೇಕು. ಹೀಗೆ ಬರೀಲಾ? ‘ಐದನೆಯ ಆಟದ ಮೂವತ್ತೊಂದನೆಯ ನಡೆಯಲ್ಲಿ ದಾಖಲೆಯ ದೋಷವಿದ್ದು, ಸರಿಪಡಿಸಲಾಗಿದೆ.’ ಯಾರದು ಏನು ಅಂತ ಬೇಡ."

"ಚೆನ್ನಾಗಿದೆ. ಹಾಗೇ ಇರ್ಲಿ" ಎಂದ ಅಣ್ಣ ತಕ್ಷಣ.

"ಏನು ಚೆನ್ನಾಗಿರೋದು?" ಕೈಯಕ್ಕ ಮೇಷ್ಟ್ರ ಕೈ ತಡೆದಳು. "ದೋಷ ಅಂತ ಬರೆದ್ರೆ ಓದೋರು ಯಾರದ್ದು ಅಂದ್ಕೋತಾರೆ? ಪೆಟ್ಟಿಗೇದೇ ಅಂತಾರೆ. ಸಾಕಪ್ಪ, ಅದು ನನ್ನ ಬದಲು ಬೈಸಿಕೊಂಡಿದ್ದು. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ‘ಪೆಟ್ಟಿಗೆ ಹೇಳಿದ್ದು ಮೂಲೆಯ ಆನೆ. ಅದರ ಕೈಯಾಗಿ ಕೂತಿದ್ದ ತಂಗಿ ಎತ್ತಿದ್ದು ಇನ್ನೊಂದು ಆನೆ. ತಪ್ಪು ತಂಗಿಯದು.’ ಆಯ್ತಾ?"

"ಆಯ್ತು ಅಕ್ಕಾ."

"ಪೆನ್ನು ಎತ್ತಬೇಡಿ, ಮುಗಿದಿಲ್ಲ. ‘ಇನ್ನೂರ ಹದಿನಾಲ್ಕು ನಡೆಗಳಲ್ಲಿ ಅವಳು ತಪ್ಪಿದ್ದು ಅದೊಂದೇ ಸಲ.’ ಒಂದೇ ಅನ್ನೋದು ದಪ್ಪಕ್ಷರದಲ್ಲಿ ಬರ್ಲಿ. ಬೀರುವಿಗೂ ಕೈ ಇತ್ತಲ್ಲ, ಆ ಕೈ ಎಷ್ಟು ಸಲ ತಪ್ಪಿತ್ತು ಅಂತಾನೂ ವಿಚಾರಿಸಿ ನೋಡಿ."

ಮೇಷ್ಟ್ರು ನಗು ತಡೆದುಕೊಂಡು ಬರೆದರು. ಅಣ್ಣ ಮಾತ್ರ ನಗಲಿಲ್ಲ. ಅವನು ಪಟ್ಟಿಯ ಬಲತುದಿಯ ಕಂಬಸಾಲಿನ ಮೇಲೆ ಬೆರಳಿಟ್ಟಿದ್ದ. ಪ್ರತಿ ಯಂತ್ರವನ್ನೂ ಎಷ್ಟು ಜನ ಸೇರಿ ಮಾಡಿದರು ಎಂಬ ಲೆಕ್ಕ ಅಲ್ಲಿತ್ತು.

"ಮೊದಲನೇದಕ್ಕೆ ಎಷ್ಟು ಜನ?"

"ನಲವತ್ತು."

"ನಮ್ಮದಕ್ಕೆ ಒಂದು ಅಂತ ಹಾಕಿದೀರಿ."

"ನೀವೊಬ್ಬರೇ ಅಲ್ವಾ ಮಾಡಿದ್ದು?"

ಅಣ್ಣ ಮೇಷ್ಟ್ರ ಕೈಯಿಂದ ಪೆನ್ನು ತೆಗೆದುಕೊಂಡ. ಒಂದನ್ನು ಹೊಡೆದುಹಾಕಿ, ಪಕ್ಕದಲ್ಲಿ ಎರಡರ ಅಂಕಿ ಬರೆದ. ಕೈಯಕ್ಕ ಬಗ್ಗಿ ಅದನ್ನು ನೋಡಿದಳು. ಆ ಅಂಕಿಯ ಪಕ್ಕ ಬೆರಳಿಟ್ಟು, "ಬರೀ ಅಂಕಿ ಆದ್ರೆ ಅಚ್ಚಿನೋರು ತಪ್ಪು ಓದ್ತಾರೆ. ಅಕ್ಷರದಲ್ಲೂ ಬರಿ" ಎಂದಳು.

ಅಣ್ಣ ಅದರ ಮುಂದೆ, ಬಿಡಿಸಿ ಬಿಡಿಸಿ, ‘ಇಬ್ಬರು’ ಎಂದು ಬರೆದ.